ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿ ಇಟ್ಟುಕೊಂಡು ಪುರಸಭೆಗೆ ನಿಲ್ಲಬಹುದಾ? ಅನುಭವ ಇರುವವರು ಹೇಳಿ

ಹೊಸ_ಚಾವಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಸೀಮೆಯವನು. ಊರ ಹೆಸರು ಹಾಕುವುದಿಲ್ಲ, ನಮ್ಮೂರವರು ಇಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ವಯಸ್ಸು 34. ಆರು ವರ್ಷದಿಂದ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿ ಇಟ್ಟಿದ್ದೇನೆ. ಯಾವಾಗ ಬಂದು ನೋಡಿದರೂ ಹತ್ತು ಹನ್ನೆರಡು ಗಾಡಿ ನಿಂತಿರುತ್ತವೆ. ಜಾಸ್ತಿ ಹೋಗುವುದು ಆಲ್ಟೊ, ವ್ಯಾಗನಾರ್, ಸ್ವಿಫ್ಟ್. ಆಗಾಗ ಒಂದು ಬೊಲೆರೊ.

ನಮ್ಮದು ಪುರಸಭೆ ಊರು. ಮುಂದಿನ ಚುನಾವಣೆಗೆ ನಿಲ್ಲು ಅಂತ ವಾರ್ಡಿನ ಹುಡುಗರು ಹಿಂದೆ ಬಿದ್ದಿದ್ದಾರೆ. "ಅರ್ಧ ವಾರ್ಡಿಗೆ ನೀನೇ ಗಾಡಿ ಕೊಟ್ಟಿದ್ದೀಯ, ಎಲ್ಲರ ಮನೆಯೂ ಗೊತ್ತು, ಓಟು ಗ್ಯಾರಂಟಿ" ಅನ್ನುತ್ತಾರೆ. ಗಣಪತಿ ಕೂರಿಸುವುದರಿಂದ ರಕ್ತದಾನ ಶಿಬಿರದವರೆಗೆ ನಾನೇ ಮುಂದೆ ನಿಂತಿರುತ್ತೇನೆ, ಅದು ನಿಜ. ಹೆಂಡತಿ ಮಾತ್ರ ಬೇಡ ಅಂತಿದ್ದಾಳೆ. "ಈಗಲೇ ಭಾನುವಾರ ಮನೇಲಿ ಇರಲ್ಲ" ಅನ್ನುವುದು ಅವಳ ವಾದ.

ಕೇಳಬೇಕಾಗಿರುವುದು ಇಷ್ಟೇ. ಕಾರಿನ ವ್ಯಾಪಾರ ಇಟ್ಟುಕೊಂಡು ಮೆಂಬರ್ ಆದರೆ ಕಾನೂನಿನ ತೊಂದರೆ ಏನಾದರೂ ಇದೆಯಾ? ವ್ಯಾಪಾರ ಹೆಚ್ಚುತ್ತದಾ, ಮುಳುಗುತ್ತದಾ? ಎರಡೂ ಮಾಡಿದವರು ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಸುಮ್ನೆ "ಆಲ್ ದಿ ಬೆಸ್ಟ್" ಬೇಡ.

ಕೊಬ್ಬರಿ_ಗಿಟುಕು:

ಅರ್ಧ ವಾರ್ಡಿಗೆ ಗಾಡಿ ಕೊಟ್ಟಿದ್ದೀರಾ? ಹಾಗಾದರೆ ಅರ್ಧ ವಾರ್ಡು ಕೈಬಿಟ್ಟಿತು ಅಂತ ಲೆಕ್ಕ ಹಾಕಿಕೊಳ್ಳಿ. ನನಗೆ ಆಲ್ಟೊ ಮಾರಿದ ಪುಣ್ಯಾತ್ಮ ಏನಾದರೂ ನಿಂತರೆ ಎದುರಾಳಿಯ ಕರಪತ್ರ ನಾನೇ ಮನೆ ಮನೆಗೆ ಹಂಚುತ್ತೇನೆ. ಏಸಿ ಇವತ್ತಿಗೂ ಬಿಸಿಗಾಳಿ ಬಿಡುತ್ತದೆ.

ಹಳೇ_ಪದ್ಮಿನಿ:

ಮೇಲಿನವರು ತಮಾಷೆಗೆ ಹೇಳಿದ್ದಾರೆ, ಆದರೆ ಅದರಲ್ಲಿ ಮುಕ್ಕಾಲು ಸತ್ಯ ಇದೆ ತಮ್ಮಾ. ನಾನು ಎರಡೂ ಮಾಡಿದವನು. 1995ರಿಂದ ಹಳೇ ಕಾರಿನ ವ್ಯಾಪಾರ. ಒಂದು ಅವಧಿ ಪುರಸಭೆ ಸದಸ್ಯ. ಈಗ ಸದಸ್ಯ ಅಲ್ಲ, ಅಂಗಡಿ ಇದೆ. ನಮ್ಮೂರೂ ನಿಮ್ಮ ಸುತ್ತಮುತ್ತಲಿನದೇ. ಕೆಎ 44, ಕೆಎ 13, ಕೆಎ 06, ಈ ಮೂರು ನಂಬರೇ ನನ್ನ ಅಂಗಡಿಯ ಮುಂದೆ ಜಾಸ್ತಿ ನಿಂತಿರುವುದು.

ಮೊದಲು ನನ್ನ ಕಥೆ ಸ್ವಲ್ಪ ಕೇಳು, ಆಮೇಲೆ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಕೊಬ್ಬರಿ ಮಂಡಿ ಸಾಹುಕಾರರೊಬ್ಬರ ಹತ್ತಿರ ಡ್ರೈವರ್ ಆಗಿದ್ದೆ. ಪ್ರೀಮಿಯರ್ ಪದ್ಮಿನಿ. ಗೇರ್ ಸ್ಟಿಯರಿಂಗ್ ಪಕ್ಕದಲ್ಲೇ ಇರುತ್ತಿತ್ತಲ್ಲ, ಆ ಗಾಡಿ. ಸಾಹುಕಾರರಿಗೆ ಹೊಸ ಮಾರುತಿ 800 ಬಂತು. "ಇದನ್ನ ಎಲ್ಲಾದರೂ ಕೊಡ್ಸಿಬಿಡೋ" ಅಂದರು. ಹಳ್ಳಿಯ ಒಬ್ಬ ಕಂಪೌಂಡರಿಗೆ 38 ಸಾವಿರಕ್ಕೆ ಕೊಡಿಸಿದೆ. ಸಾಹುಕಾರರು 500 ರೂಪಾಯಿ ಕೊಟ್ಟರು, ಕಂಪೌಂಡರ್ 300 ಕೊಟ್ಟ. ಒಂದೇ ಮಧ್ಯಾಹ್ನ 800 ರೂಪಾಯಿ. ಅವತ್ತು ನನ್ನ ಸಂಬಳ ತಿಂಗಳಿಗೆ 1,100. ಮಾರನೇ ದಿನದಿಂದ ನನ್ನ ಕಣ್ಣು ರಸ್ತೆಯ ಮೇಲೆ ಇರಲಿಲ್ಲ, ಎದುರಿಗೆ ಬರುವ ಗಾಡಿಗಳ ಮೇಲೆ ಇತ್ತು.

ನಮ್ಮ ಕಡೆ ಕಾರಿನ ವ್ಯಾಪಾರ ಅಂದರೆ ಕೊಬ್ಬರಿ ವ್ಯಾಪಾರದ ಬಾಲ. ನಿನಗೂ ಗೊತ್ತಿರುತ್ತದೆ. 2023ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಬಿತ್ತು. ಸರ್ಕಾರದ ಬೆಂಬಲ ಬೆಲೆ 11,750 ಇತ್ತು, ಆದರೆ ಆ ಬೆಲೆಗೆ ಕೊಳ್ಳುವ ನಾಫೆಡ್ ಕೇಂದ್ರದ ಸಾಲಿನಲ್ಲಿ ನಿಂತು ದುಡ್ಡು ಕೈಗೆ ಬರುವವರೆಗೆ ರೈತ ಕಾರು ನೋಡುತ್ತಾನಾ? ಆ ವರ್ಷ ನಾನು ಮಾರಿದ್ದಕ್ಕಿಂತ ವಾಪಸ್ ತಗೊಂಡದ್ದೇ ಜಾಸ್ತಿ. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು ನೋಡು, ಪಂಚೆ ಉಟ್ಟುಕೊಂಡು ಬಂದ ಯಜಮಾನರು ಕೈಚೀಲದಲ್ಲೇ ದುಡ್ಡು ತಂದು "ಬಿಳೀದು ಯಾವುದಿದೆ ಕೊಡು" ಅಂದರು. ಬಣ್ಣ ಒಂದೇ ಕೇಳಿದ್ದು, ಮೀಟರು ಕೂಡ ನೋಡಲಿಲ್ಲ.

ಈಗ ಮೆಂಬರ್ ಆಗಿದ್ದು. 2018ರ ಆಗಸ್ಟ್‌ನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಚುನಾವಣೆ ಆಯಿತಲ್ಲ, ಆಗ ನಿಂತೆ. ಪಂಚಾಯ್ತಿ ಥರ ಅಲ್ಲ ಇದು, ಪಕ್ಷದ ಚಿಹ್ನೆ ಮೇಲೆ ನಡೆಯುತ್ತದೆ. ಯಾವ ಪಕ್ಷ ಅಂತ ಇಲ್ಲಿ ಬರೆಯಲ್ಲ, ಬರೆದರೆ ಮುಂದಿನ ಉತ್ತರ ಎಲ್ಲ ಅದರ ಮೇಲೇ ಬರುತ್ತದೆ. 41 ಓಟಿನಲ್ಲಿ ಗೆದ್ದೆ. ಪಟಾಕಿ ಹೊಡೆದೆವು, ಅಂಗಡಿ ಮುಂದಿದ್ದ ಇಂಡಿಕಾದ ಬಾನೆಟ್ ಮೇಲೆ ಯಾರೋ ಸರಪಟಾಕಿ ಇಟ್ಟು ಬಣ್ಣ ಸುಟ್ಟರು. ನನ್ನ ಅಧಿಕಾರದ ಮೊದಲ ಖರ್ಚು ಅದೇ, ನಾಲ್ಕು ಸಾವಿರ, ಟಚ್‌ಅಪ್‌ಗೆ.

ಆಮೇಲೆ ಏನಾಯಿತು ಗೊತ್ತಾ? ಏನೂ ಆಗಲಿಲ್ಲ. ಅಧ್ಯಕ್ಷ ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಎರಡು ವರ್ಷ ನಾವು ಗೆದ್ದವರೆಲ್ಲ ಬರೀ ಗೆದ್ದವರು. ಸಭೆ ಇಲ್ಲ, ಕುರ್ಚಿ ಇಲ್ಲ. ಮದುವೆ ಆಗಿ ಹೆಣ್ಣನ್ನು ಕಳಿಸಿಕೊಡದ ಹಾಗೆ. ಆದರೆ ಜನಕ್ಕೆ ಅದೆಲ್ಲ ಯಾಕೆ? ಎಣಿಕೆ ಮುಗಿದ ಸಂಜೆಯಿಂದಲೇ ನಾನು "ಮೆಂಬರ್ರು". 2020ರ ಲಾಕ್‌ಡೌನ್ ಬಂದಾಗ ಕೈಯಲ್ಲಿ ಒಂದು ಸಹಿ ಮಾಡುವ ಅಧಿಕಾರ ಇಲ್ಲ, ಅಂಗಡಿ ಶಟರ್ ಮುಚ್ಚಿದೆ, ಬಾಗಿಲಿಗೆ ಮಾತ್ರ ದಿನಾ ಮೂವತ್ತು ಜನ. ಎರಡು ಸ್ಯಾಂಟ್ರೊ ಬಂದಷ್ಟಕ್ಕೆ ಮಾರಿ ರೇಷನ್ ಕಿಟ್ ಹಂಚಿದೆ. ದೊಡ್ಡತನಕ್ಕೆ ಹೇಳುತ್ತಿಲ್ಲ. ಹಂಚದೆ ಬೀದಿಯಲ್ಲಿ ತಲೆ ಎತ್ತಿ ನಡೆಯಲು ಆಗುತ್ತಿರಲಿಲ್ಲ, ಅಷ್ಟೇ. ಕೊನೆಗೆ ಆ ವರ್ಷದ ಕೊನೆಯಲ್ಲಿ ಅಧ್ಯಕ್ಷರ ಆಯ್ಕೆ ಆಯಿತು, ನಮ್ಮ ಐದು ವರ್ಷ ಅಲ್ಲಿಂದ ಲೆಕ್ಕಕ್ಕೆ ಬಂತು. ನಡುವೆ 30 ತಿಂಗಳು ಮುಗಿದು ಎರಡನೇ ಸಲ ಅಧ್ಯಕ್ಷರು ಬರಬೇಕಾದಾಗ ಮತ್ತೆ ಅದೇ ಮೀಸಲಾತಿ ರಾಮಾಯಣ. 2023ರ ಮೇ ತಿಂಗಳಿಂದ ಮುಂದಿನ ವರ್ಷದ ಆಗಸ್ಟ್‌ವರೆಗೆ ಅಧ್ಯಕ್ಷರ ಬದಲು ಸರ್ಕಾರದ ಆಡಳಿತಾಧಿಕಾರಿ. ಐದು ವರ್ಷ ಅಂತ ಹೆಸರು, ಕೂತಿದ್ದು ನಾಲ್ಕೂ ಇಲ್ಲ. ನೀನು ನಿಲ್ಲುವುದಾದರೆ ಇದನ್ನೂ ಲೆಕ್ಕದಲ್ಲಿ ಇಟ್ಟುಕೋ.

ವ್ಯಾಪಾರ ಹೆಚ್ಚುತ್ತದಾ ಅಂತ ಕೇಳಿದೆ. ಅಂಗಡಿಗೆ ಜನ ಹೆಚ್ಚುತ್ತಾರೆ. ಅದು ವ್ಯಾಪಾರ ಅಲ್ಲ. ಇಲ್ಲಿ ಮೋಸ ಹೋಗಬೇಡ. ಬೆಳಿಗ್ಗೆ ಐದೂವರೆಗೆ ಫೋನು, "ಅಣ್ಣಾ, ನಮ್ಮ ಬೀದಿಗೆ ನೀರು ಬಿಟ್ಟಿಲ್ಲ." ನೀರಗಂಟಿಗೆ ಫೋನು ಮಾಡಿದರೆ ಅವನು, "ಮೇನ್ ವಾಲ್ವ್ ಹೋಗಿದೆ ಸಾ" ಅನ್ನುತ್ತಾನೆ. ಎಂಟು ಗಂಟೆಗೆ ಅಂಗಡಿ ತೆಗೆದರೆ ಟೇಬಲ್ ಮೇಲೆ ಆರ್‌ಸಿ ಬುಕ್ಕಿನ ಜೊತೆ ಖಾತೆ ಫೈಲು. 2025ರಲ್ಲಿ ಸಕ್ರಮ ಅಲ್ಲದ ಸೈಟಿಗೂ ಖಾತೆ ಕೊಡುವ ಬಿ ಖಾತೆ ಅಭಿಯಾನ ಬಂದಾಗಂತೂ ಕಾರಿನ ಫಾರಂ ಯಾವುದು, ಸೈಟಿನ ಫಾರಂ ಯಾವುದು ಅಂತ ನನ್ನ ಹುಡುಗನಿಗೇ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಹಾಸನದ ಪಾರ್ಟಿಗೆ ಕೊಟ್ಟ ಕವರಿನಲ್ಲಿ ಯಾರದೋ ಅಜ್ಜನ ವಂಶವೃಕ್ಷ ಹೋಗಿಬಿಟ್ಟಿತ್ತು.

ಇನ್ನೊಂದು ಹೇಳುತ್ತೇನೆ, ನಗಬೇಡ. ಒಬ್ಬರು ಸ್ವಿಫ್ಟ್ ನೋಡಲು ಬಂದರು. ಟ್ರಯಲ್‌ಗೆ ಹೋಗೋಣ ಅಂದರು. ನಾನೇ ಪಕ್ಕ ಕೂತೆ. ಕ್ಲಚ್ ನೋಡಿದರು, ಬ್ರೇಕ್ ನೋಡಿದರು, ಎಡಕ್ಕೆ ತಿರುಗಿಸಿದರು, ಮತ್ತೆ ಎಡಕ್ಕೆ, ಒಂದು ಸಂದಿಯೊಳಗೆ ನುಗ್ಗಿಸಿ ನಿಲ್ಲಿಸಿದರು. ಎದುರಿಗೆ ಚಪ್ಪಡಿ ಕಿತ್ತುಹೋದ ಚರಂಡಿ. "ಇದನ್ನ ನೋಡಿ ಮೆಂಬರ್ರೇ, ಎರಡು ತಿಂಗಳಾಯ್ತು" ಅಂದರು. ಕಾರು ತಗೊಳ್ಳಲೇ ಇಲ್ಲ. ಆಮೇಲೆ ಯಾರಾದರೂ ಟ್ರಯಲ್ ಅಂದರೆ ಹುಡುಗನನ್ನು ಕಳಿಸುತ್ತಿದ್ದೆ. (ಚರಂಡಿ ಮಾಡಿಸಿದೆ. ಬೇಕಾಗಿದ್ದು ನಾಲ್ಕು ಚಪ್ಪಡಿ, ಅದಕ್ಕೆ ಹಿಡಿದದ್ದು ಏಳು ವಾರ.)

ಅದರ ತಿರುಗು ಮುರುಗೂ ಇದೆ. ನಿನ್ನ ಹತ್ತಿರ ಗಾಡಿ ತಗೊಂಡವನು ಈಗ ಮತದಾರ. ಗೇರ್‌ಬಾಕ್ಸ್ ಸದ್ದು ಮಾಡಿದರೆ ಮೊದಲು ಅಂಗಡಿಗೆ ಬಂದು ಬೈಯುತ್ತಿದ್ದ. ಈಗ ಟೀ ಅಂಗಡಿಯಲ್ಲಿ ನಿಂತು "ಅವನ ಗಾಡಿನೇ ಹಿಂಗೆ, ಇನ್ನು ಊರು ನೆಟ್ಟಗೆ ಇಡ್ತಾನಾ?" ಅನ್ನುತ್ತಾನೆ. ಬೇರೆ ವ್ಯಾಪಾರಕ್ಕೆ ಈ ತೊಂದರೆ ಇಲ್ಲ. ಅಕ್ಕಿ ಮಾರಿದವನ ಅಕ್ಕಿ ತಿಂದು ಮುಗಿಯುತ್ತದೆ. ನೀನು ಮಾರಿದ ಗಾಡಿ ಹತ್ತು ವರ್ಷ ಅದೇ ಬೀದಿಯಲ್ಲಿ ಹೊಗೆ ಬಿಟ್ಟುಕೊಂಡು ಓಡಾಡುತ್ತದೆ.

ಕಾನೂನಿನ ವಿಷಯ ಗೊತ್ತಿರುವವರು ಬರೆಯಲಿ. ನನಗೆ ಗೊತ್ತಿರುವುದು ಒಂದೇ, ಪುರಸಭೆ ಜೊತೆ ಒಂದು ರೂಪಾಯಿ ವ್ಯವಹಾರ ಬೇಡ. ತಿಂಗಳ ಬಾಡಿಗೆಗೆ ಒಂದು ಬೊಲೆರೊ ಕೊಡಿ ಅಂತ ಆಫೀಸಿನಿಂದ ಕೇಳಿದರು. ಗಾಡಿ ಸುಮ್ನೆ ನಿಂತಿತ್ತು, ಆಸೆಯೂ ಆಯಿತು. ಪರಿಚಯದ ವಕೀಲರು "ಕೊಟ್ಟರೆ ಸದಸ್ಯತ್ವಕ್ಕೇ ಕುತ್ತು" ಅಂದರು. ಬಿಟ್ಟೆ.

ಫುಟ್‌ಪಾತಿನ ವಿಷಯ ಒಂದಿದೆ. ಅದೇ ನಿಜವಾಗಿ ಹೇಳಬೇಕಾಗಿದ್ದು. ಕೈ ನೋಯುತ್ತಿದೆ, ಆಮೇಲೆ ಬರೆಯುತ್ತೇನೆ.

ಕರಿ_ಕೋಟು:

ನಾನು ತಾಲ್ಲೂಕು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವವನು. ಪದ್ಮಿನಿಯವರು ಹೇಳಿದ ಬೊಲೆರೊ ಮಾತು ಸರಿ. ಕರ್ನಾಟಕ ಪುರಸಭೆಗಳ ಕಾಯ್ದೆ 1964, ಅದರ 16ನೇ ಕಲಂ ನೋಡಿ. ಪುರಸಭೆಯ ಕೆಲಸದಲ್ಲೋ ಗುತ್ತಿಗೆಯಲ್ಲೋ ನೇರವಾಗಿ ಅಥವಾ ಪಾಲುದಾರರ ಮೂಲಕ ಲಾಭ ಇದ್ದರೆ ಅನರ್ಹತೆ. ಕಾರಿನ ಅಂಗಡಿ ಇಡುವುದು ತಪ್ಪಲ್ಲ. ಅಂಗಡಿಯ ಉದ್ದಿಮೆ ಪರವಾನಗಿ ನವೀಕರಿಸಿರಲಿ. ಮನೆ ಕಂದಾಯ, ನೀರಿನ ಬಿಲ್ಲು ಒಂದೂ ಬಾಕಿ ಇಟ್ಟುಕೊಂಡು ನಾಮಪತ್ರಕ್ಕೆ ಹೋಗಬೇಡಿ, ಎದುರಾಳಿ ಮೊದಲು ಹುಡುಕುವುದೇ ಅದನ್ನು.

ಪುರಸಭೆಗಿಂತ ನಿಮ್ಮ ಅಂಗಡಿಯ ಡ್ರಾಯರಿನ ಬಗ್ಗೆ ನನಗೆ ಹೆಚ್ಚು ಭಯ. ಮಾರಿದವರಿಂದ ಸಹಿ ಹಾಕಿಸಿಕೊಂಡ ಖಾಲಿ 29, 30 ಫಾರಂ, ಅಂದರೆ ಆರ್‌ಸಿ ಹೆಸರು ಬದಲಾಯಿಸುವ ಫಾರಂ, ಎಷ್ಟು ಬಿದ್ದಿವೆ ಹೇಳಿ? ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಆ ಗಾಡಿ ಒಬ್ಬರಿಂದ ಒಬ್ಬರಿಗೆ ನಾಲ್ಕು ಕೈ ದಾಟಿತ್ತು, ಆದರೂ ಹೊಣೆ ಬಂದದ್ದು ಮೊದಲನೆಯವರ ತಲೆಗೆ. 2023ರ ಏಪ್ರಿಲ್ 1ರಿಂದ ನಿಮ್ಮಂಥ ಡೀಲರುಗಳಿಗೆ ಅಧಿಕೃತ ಪ್ರಮಾಣಪತ್ರದ ವ್ಯವಸ್ಥೆ ಬಂದಿದೆ. ಐದು ವರ್ಷಕ್ಕೆ ಕೊಡುತ್ತಾರೆ. ಮಾಲೀಕರು ಗಾಡಿಯನ್ನು ನಿಮಗೆ ಒಪ್ಪಿಸಿದ್ದನ್ನು 29ಸಿ ಫಾರಂನಲ್ಲಿ ಪೋರ್ಟಲ್‌ಗೆ ಹಾಕಿದರೆ, ಅಲ್ಲಿಂದ ಮಾರುವವರೆಗೆ ನೀವೇ ಮಾಲೀಕರಿದ್ದ ಹಾಗೆ. ಹೊಣೆಯೂ ನಿಮ್ಮದೇ. ಟ್ರಯಲ್, ರಿಪೇರಿ, ಪೇಂಟು, ವಾಷಿಂಗ್ ಬಿಟ್ಟು ಬೇರೆಯದಕ್ಕೆ ಓಡಿಸುವ ಹಾಗಿಲ್ಲ. ಪ್ರಚಾರಕ್ಕೆ ಅಂಗಡಿಯ ಗಾಡಿ ಬಳಸುವ ಯೋಚನೆ ಇದ್ದರೆ ಈಗಲೇ ಬಿಡಿ.

ಹಳೇ_ಪದ್ಮಿನಿ:

ವಕೀಲರು ನನ್ನ ಹಳೇ ಗಾಯದ ಮೇಲೆ ಕೈ ಇಟ್ಟರು. 2011ರಲ್ಲಿ ನಮ್ಮ ಬೀದಿಯ ಮೇಷ್ಟ್ರ ಓಮ್ನಿ ತಗೊಂಡು ಒಬ್ಬ ತರಕಾರಿ ವ್ಯಾಪಾರಿಗೆ ಕೊಟ್ಟೆ. 1 ಲಕ್ಷ 5 ಸಾವಿರ. ಹೆಸರು ಬದಲಾಯಿಸಿಕೊಳ್ಳುತ್ತೇನೆ ಅಂದವನು ಬದಲಾಯಿಸಲಿಲ್ಲ, ಇನ್ಶೂರೆನ್ಸ್ ಕೂಡ ಕಟ್ಟಲಿಲ್ಲ. ಎರಡು ವರ್ಷದ ಮೇಲೆ ಬೈಕಿಗೆ ಗುದ್ದಿದ. ಅಪಘಾತ ಪರಿಹಾರದ ಎಂವಿಸಿ ಕೇಸಿನ ನೋಟಿಸು ಮೇಷ್ಟ್ರ ಮನೆಗೆ ಬಂತು. ಅವರು ನೋಟಿಸು ಹಿಡಿದು ಅಂಗಡಿಗೆ ಬಂದರು. ಬೈಯಲಿಲ್ಲ. "ನೀನು ಸಹಿ ಹಾಕು ಅಂದೆ, ಹಾಕಿದೆ ಕಣಪ್ಪ" ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಪಾಲು ಅಂತ ಒಂದು ಮುಕ್ಕಾಲು ಲಕ್ಷ ಕಟ್ಟಿದೆ. ಕಾನೂನು ಹೇಳಿತ್ತು ಅಂತಲ್ಲ. ಅವತ್ತಿನಿಂದ ಆರ್‌ಸಿ ಹೊಸಬರ ಹೆಸರಿಗೆ ಬರುವವರೆಗೆ ಎರಡನೇ ಚಾವಿ ಕೊಡುವುದಿಲ್ಲ. ಜಗಳ ಆಡಿದರೂ ಅಷ್ಟೇ.

ಬಾಗಿಲ_ರಂಗೋಲಿ:

ಅಣ್ಣಂದಿರು ಬರೆದದ್ದೆಲ್ಲ ಓದಿದೆ. ನಾನೂ ಒಂದು ಅವಧಿ ಸದಸ್ಯೆ, ನಮ್ಮನೆಯವರದು ಬೈಕ್ ಸಬ್ ಡೀಲರ್‌ಶಿಪ್. ನಿಲ್ಲಬೇಕು ಅಂತ ಆಸೆ ಇದ್ದದ್ದು ಅವರಿಗೆ. ವಾರ್ಡು ಮಹಿಳೆಗೆ ಬಂತು, ನನ್ನನ್ನು ನಿಲ್ಲಿಸಿದರು. ಗೆದ್ದವಳು ನಾನು, ಫೋನು ಬರುತ್ತಿದ್ದುದು ಅವರಿಗೆ. ಶೋರೂಮಿನ ಬೋರ್ಡಿನ ಮೇಲೆ ಅವರ ಫೋಟೊ ದೊಡ್ಡದು, ನನ್ನದು ಸ್ಟಾಂಪ್ ಸೈಜು. ಒಂದು ವರ್ಷ ಸುಮ್ಮನಿದ್ದೆ. ಆಮೇಲೆ ಬೇರೆ ಸಿಮ್ ತಗೊಂಡು ಆ ನಂಬರನ್ನು ಪ್ರತಿ ಮನೆಯ ಬಾಗಿಲಿಗೆ ನಾನೇ ಅಂಟಿಸಿ ಬಂದೆ. ಮೊದಲ ವಾರ ಒಂದೇ ಕರೆ, ಅದೂ ರಾಂಗ್ ನಂಬರ್. ಎರಡನೇ ತಿಂಗಳಿಂದ ಹೆಂಗಸರು ಮಾಡತೊಡಗಿದರು. ನೀರು ಬರದಿದ್ದರೆ ಯಾವ ಬೀದಿಗೆ, ಎಷ್ಟು ಹೊತ್ತಿನಿಂದ, ಯಾವ ವಾಲ್ವ್ ಅಂತ ಗಂಡಸರಿಗಿಂತ ಚೆನ್ನಾಗಿ ಹೇಳುತ್ತಾರೆ.

ಹೊಸ_ಚಾವಿ ಅವರೇ, ಅರ್ಧದಷ್ಟು ವಾರ್ಡು ಮಹಿಳೆಯರಿಗೆ ಹೋಗುತ್ತವೆ. ನಿಮ್ಮದೂ ಹೋಗಬಹುದು. ಆಗ ಹುಡುಗರು "ಅಕ್ಕನ್ನ ನಿಲ್ಸಿ" ಅಂತ ಬರುತ್ತಾರೆ. ಈಗಲೇ ಬೇಡ ಅನ್ನುತ್ತಿರುವ ನಿಮ್ಮ ಹೆಂಡತಿಯನ್ನು ಆಗ ಕೇಳದೆ ಫಾರಂ ತುಂಬಬೇಡಿ. ಇನ್ನೊಂದು ಮಾತು, ಗೌರವಧನ ಪೆಟ್ರೋಲಿಗೂ ಸಾಲುವುದಿಲ್ಲ. ಅದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಹೊಸ_ಚಾವಿ:

ಎಲ್ಲರಿಗೂ ಧನ್ಯವಾದ. ಅಕ್ಕ ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ, ಪಕ್ಕದ ಕೋಣೆಯಿಂದ ನಗು ಕೇಳಿಸಿತು. ಡ್ರಾಯರ್ ತೆಗೆದು ಎಣಿಸಿದೆ ಸರ್, ಖಾಲಿ ಸಹಿಯ ಫಾರಂ ಹದಿನೇಳು. ನಿದ್ದೆ ಹೋಯಿತು.

ಪದ್ಮಿನಿ ಅಣ್ಣಾ, ಫುಟ್‌ಪಾತ್ ವಿಷಯ ಅಂದಿರಲ್ಲ? ನನ್ನ ಅಂಗಡಿಯೂ ಮೇನ್ ರೋಡಿನಲ್ಲೇ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಹಳೇ_ಪದ್ಮಿನಿ:

ಮೇನ್ ರೋಡಿನಲ್ಲಿದೆ ಅಂದಮೇಲೆ ಗಾಡಿ ಎಲ್ಲಿ ನಿಲ್ಲಿಸಿದ್ದೀಯ ಅಂತ ನಾನು ಕೇಳಬೇಕಾಗಿಲ್ಲ.

ನನ್ನದು ಬಸ್ ಸ್ಟ್ಯಾಂಡಿನಿಂದ ಇನ್ನೂರು ಹೆಜ್ಜೆ. ಅಂಗಡಿಯೊಳಗೆ ಮೂರು ಕಾರು ಹಿಡಿಯುತ್ತವೆ. ಉಳಿದ ಆರೇಳು ಮುಂದೆ, ಮೂತಿ ರಸ್ತೆ ಕಡೆ, ಹಿಂದಿನ ಚಕ್ರ ಫುಟ್‌ಪಾತ್ ಮೇಲೆ. ಇಪ್ಪತ್ತು ವರ್ಷ ಹಾಗೇ ನಿಂತಿದ್ದವು. ಸಾಲಾಗಿ ತೊಳೆದು ನಿಲ್ಲಿಸಿ, ಗಾಜಿನ ಮೇಲೆ ಮಾಡೆಲ್, ವರ್ಷ, "ಸಿಂಗಲ್ ಓನರ್" ಅಂತ ಸುಣ್ಣದಲ್ಲಿ ಬರೆದರೆ ಅದೇ ನನ್ನ ಜಾಹೀರಾತು. ಬಸ್ಸಿನ ಕಿಟಕಿಯಿಂದ ನೋಡಿ ಇಳಿದು ಬಂದವರಿದ್ದಾರೆ. ಹಳೇ ಕಾರು ಕಣ್ಣಿಗೆ ಬಿದ್ದರೆ ಮಾತ್ರ ಹೋಗುತ್ತದೆ. ಫೋನಿನಲ್ಲಿ ಫೋಟೊ ಹಾಕುವುದೆಲ್ಲ ಈಚೆಗೆ.

2022ರ ಬೇಸಿಗೆಯಲ್ಲಿ ಸಾಮಾನ್ಯ ಸಭೆಗೆ ಒಂದು ವಿಷಯ ಬಂತು. ಬಸ್ ಸ್ಟ್ಯಾಂಡ್ ಮುಂದಿನ ತಳ್ಳುಗಾಡಿಯವರನ್ನು ಎಬ್ಬಿಸಬೇಕು, ಜನರಿಗೆ ನಡೆಯಲು ಜಾಗ ಇಲ್ಲ. ನಾನು ಸ್ಥಾಯಿ ಸಮಿತಿಯಲ್ಲಿದ್ದೆ. ಎಲ್ಲರೂ ಮೇಜು ತಟ್ಟಿದರು, ನಾನೂ ತಟ್ಟಿದೆ. ಮಾತೂ ಆಡಿದೆ. "ಶಿಸ್ತು ಬೇಕು" ಅಂದೆ. ಆ ಪದ ಇವತ್ತಿಗೂ ನೆನಪಿದೆ.

ಮಾರನೇ ದಿನ ಮುಖ್ಯಾಧಿಕಾರಿಗಳ ಜೊತೆ ಜಾಗ ನೋಡಲು ಹೋದೆವು. ಹೂವು ಮಾರುವ ಅಜ್ಜಿ ಒಬ್ಬಳಿದ್ದಾಳೆ, ಗೇಟಿನ ಕಂಬಕ್ಕೆ ಒರಗಿ ಕೂರುತ್ತಾಳೆ. ನನ್ನ ಮೊದಲ ಅಂಗಡಿ ಪೂಜೆಗೆ ಸೇವಂತಿಗೆ ಅವಳದೇ. ಎದ್ದೇಳು ಅಂದರೆ ಎದ್ದಳು, ಏನೂ ಕೂಗಾಡಲಿಲ್ಲ. ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಕೇಳಿದಳು, "ನನ್ನ ಬುಟ್ಟಿ ಎರಡಡಿ ಸ್ವಾಮಿ. ನಿಮ್ಮ ಕಾರು ಎಷ್ಟಡಿ?"

ಜೊತೆಗಿದ್ದವರು ನಕ್ಕರು. ಮುಖ್ಯಾಧಿಕಾರಿಗಳು ಫೋನು ನೋಡತೊಡಗಿದರು. ನನಗೆ ಏನು ಹೇಳಲೂ ತೋಚಲಿಲ್ಲ. ಸ್ವಿಫ್ಟ್ ಹನ್ನೆರಡೂವರೆ ಅಡಿ ತಮ್ಮಾ. ನನಗೆ ಬಾಯಿಪಾಠ.

ರಾತ್ರಿ ಊಟ ಸೇರಲಿಲ್ಲ. ಪೌರುಷಕ್ಕೆ ಪೆಟ್ಟು ಬಿದ್ದ ಸಿಟ್ಟೂ ಇತ್ತು, ಸುಳ್ಳು ಹೇಳಲ್ಲ. ಎರಡು ದಿನ ಅವಳನ್ನೇ ಮನಸ್ಸಿನಲ್ಲಿ ಬೈದುಕೊಂಡೆ. ಮೂರನೇ ದಿನ, ಬೊಲೆರೊ ಕೊಡಬೇಡ ಅಂದಿದ್ದ ಆ ವಕೀಲರ ಹತ್ತಿರ ಹೋದೆ. ಅವರು 2014ರ ಬೀದಿ ವ್ಯಾಪಾರಿಗಳ ಕಾಯ್ದೆ ತೋರಿಸಿದರು. ಸಮೀಕ್ಷೆ ಮಾಡಿ, ವ್ಯಾಪಾರ ಮಾಡಲು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವ ಹಾಗೇ ಇಲ್ಲ, ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದು ಇರಬೇಕು. ಅಂದರೆ ಎರಡಡಿ ಬುಟ್ಟಿಗೆ ರಕ್ಷಣೆ ಕೊಡುವ ಕಾನೂನು ಇದೆ, ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸುವ ನನಗೆ ಯಾವ ಕಾನೂನೂ ಇಲ್ಲ. ಸಭೆಯಲ್ಲಿ ಇಷ್ಟು ಜನ ಕೂತಿದ್ದೆವು, ಒಬ್ಬರಿಗೂ ಇದು ಗೊತ್ತಿರಲಿಲ್ಲ.

ಗಾಡಿಗಳನ್ನು ತೆಗೆದೆ. ಎಪಿಎಂಸಿ ಹಿಂದೆ ಒಂದು ಖಾಲಿ ಕೊಬ್ಬರಿ ಗೋಡೌನಿನ ಅಂಗಳ ಬಾಡಿಗೆಗೆ ಹಿಡಿದೆ, ತಿಂಗಳಿಗೆ 9 ಸಾವಿರ. ಮುಂದಿನ ಸಭೆಯಲ್ಲಿ ಎದ್ದು ನಿಂತು ನಾನೇ ಆಡಿದ ಮಾತು ವಾಪಸ್ ತಗೊಂಡೆ. ಮೊದಲು ಸಮೀಕ್ಷೆ ಆಗಲಿ ಅಂದೆ. ನನ್ನ ಪಕ್ಷದವರೇ ಮುಖ ತಿರುಗಿಸಿದರು. ಒಬ್ಬರು "ಅಜ್ಜಿ ಓಟು ಒಂದೇ ಕಣಯ್ಯ" ಅಂದರು.

ಇದರಿಂದ ಹೆಸರು ಬಂತು, ವ್ಯಾಪಾರ ಹೆಚ್ಚಿತು ಅಂತ ಬರೆಯಲು ನನಗೂ ಆಸೆ. ಆಗಿದ್ದು ಅದಲ್ಲ. ತಿಂಗಳಿಗೆ ಐದು ಆರು ಗಾಡಿ ಹೋಗುತ್ತಿದ್ದವು, ಎರಡಕ್ಕೆ ಇಳಿಯಿತು. ಕೊಬ್ಬರಿ ಗೋಡೌನಿನ ಅಂಗಳಕ್ಕೆ ಯಾರು ಬರುತ್ತಾರೆ? ನಾನು ತೆಗೆದ ಜಾಗದಲ್ಲಿ ಹದಿನೈದು ದಿನದೊಳಗೆ ಪಕ್ಕದ ಮೊಬೈಲ್ ಅಂಗಡಿಯವನ ಗಿರಾಕಿಗಳ ಬೈಕು ನಿಂತವು. ಜನರಿಗೆ ನಡೆಯಲು ಜಾಗ ಇವತ್ತಿಗೂ ಇಲ್ಲ. ಅಜ್ಜಿ ಅಲ್ಲೇ ಕೂರುತ್ತಾಳೆ. ನನ್ನನ್ನು ಕಂಡರೆ ಮೊದಲಿನ ಹಾಗೇ ಮೊಳಕ್ಕೆ ಹತ್ತು ರೂಪಾಯಿ ಜಾಸ್ತಿ ಹೇಳುತ್ತಾಳೆ.

ಆಮೇಲೆ ಹುಡುಗ ಮೊಬೈಲಿನಲ್ಲಿ ವಿಡಿಯೊ ಹಾಕಲು ಶುರು ಮಾಡಿದ, ಸ್ವಲ್ಪ ಚೇತರಿಸಿಕೊಂಡಿತು. ಅಷ್ಟರಲ್ಲಿ 2025ರ ಸೆಪ್ಟೆಂಬರ್ 22 ಬಂತು. ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ. ಹೊಸ ಕಾರಿನ ಬೆಲೆ ಇಳಿದರೆ ಹಳೇದರ ಬೆಲೆ ಅವತ್ತು ರಾತ್ರಿಯೇ ಇಳಿಯುತ್ತದೆ. ನನ್ನ ಹತ್ತಿರ ಒಂಬತ್ತು ಗಾಡಿ ಇದ್ದವು. ಕೊಬ್ಬರಿ ಏರಿದ ಉತ್ಸಾಹದಲ್ಲಿ ಜಾಸ್ತಿ ಕೊಟ್ಟು ತಗೊಂಡದ್ದು. ಒಂದೊಂದರ ಮೇಲೂ ಮೂವತ್ತು ನಲವತ್ತು ಸಾವಿರ ಹೋಯಿತು. ಅದೇ ವಾರ ವಾರ್ಡಿನಲ್ಲಿ ದಸರಾ ಲೈಟಿಂಗ್‌ಗೆ ಚಂದಾ ಕೇಳಲು ಬಂದರು. ಮೆಂಬರ್ರು ಅಂದಮೇಲೆ ಐದು ಸಾವಿರಕ್ಕೆ ಕಡಿಮೆ ಬರೆಯಲು ಆಗುತ್ತದಾ? ಬರೆದೆ. ಕೊಟ್ಟದ್ದು ನವೆಂಬರ್‌ನಲ್ಲಿ, ಅವಧಿ ಮುಗಿದ ಮೇಲೆ.

ನಿಲ್ಲು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ನಾಲ್ಕು ಚಪ್ಪಡಿ ಹಾಕಿಸಿದ ಆ ಸಂದಿಯಲ್ಲಿ ಹೋಗುವಾಗ ನನಗೆ ಈಗಲೂ ಒಂಥರಾ ಖುಷಿ. ಆ ಸ್ವಿಫ್ಟ್ ತಗೊಳ್ಳದವರು ಈಗಲೂ ಸಿಕ್ಕಿದರೆ ಟೀ ಕುಡಿಸುತ್ತಾರೆ. ಅದಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ, ಕಾರಿಗಾದರೆ ಕಟ್ಟುತ್ತೇನೆ. ಆದರೆ ನಿಲ್ಲುವ ಮೊದಲು ಒಂದು ಕೆಲಸ ಮಾಡು. ಟೇಪು ಹಿಡಿದು ನಿನ್ನ ಅಂಗಡಿ ಮುಂದೆ ಅಳೆ.

ಕೊಬ್ಬರಿ_ಗಿಟುಕು:

ಅಣ್ಣಾ, ಸತ್ಯ ಹೇಳಿ, ನನ್ನ ಆಲ್ಟೊ ನಿಮ್ಮ ಹತ್ತಿರದ್ದೇ ಅಲ್ವಾ?

ಹಳೇ_ಪದ್ಮಿನಿ:

ಬೂದು ಬಣ್ಣದ್ದಾದರೆ ನಾಳೆ ತಗೊಂಡು ಬಾ, ಗ್ಯಾಸ್ ತುಂಬಿಸಿಕೊಡುತ್ತೇನೆ. ಬಿಳೀದಾದರೆ ನನ್ನದಲ್ಲ.

ಹೊಸ_ಚಾವಿ:

ಅಳೆದೆ ಅಣ್ಣಾ. ಫುಟ್‌ಪಾತ್ ನಾಲ್ಕೂವರೆ ಅಡಿ. ನನ್ನ ಎರ್ಟಿಗಾ ಒಂದೇ ಪೂರ್ತಿ ಮುಚ್ಚಿ ಇನ್ನೂ ರಸ್ತೆಗೆ ಬಂದಿದೆ. ಹುಡುಗರಿಗೆ ಯುಗಾದಿ ಕಳೆಯಲಿ ಅಂದಿದ್ದೇನೆ. ಹದಿನೇಳು ಫಾರಂನಲ್ಲಿ ಆರು ಜನಕ್ಕೆ ಫೋನು ಮಾಡಿದೆ, ಇಬ್ಬರು ಗಾಡಿಯನ್ನು ಬೇರೆಯವರಿಗೆ ಮಾರಿಬಿಟ್ಟಿದ್ದಾರಂತೆ. ನಾಳೆ ಎರ್ಟಿಗಾ ಮೊದಲು ಎತ್ತಿಸುತ್ತೇನೆ, ಮಾವನ ತೋಟದಲ್ಲಿ ಜಾಗ ಇದೆ.

ಸಂತೆ_ದಾರಿ:

ಎರ್ಟಿಗಾ ಯಾವ ವರ್ಷದ್ದು? ಡೀಸೆಲ್ಲಾ? ತೋಟಕ್ಕೆ ಹಾಕುವ ಮೊದಲು ಫೋಟೊ ಕಳಿಸಿ.